ಜ್ವರವಿಲ್ಲದ ಬೆನ್ನು

ಪದ್ಮಯ್ಯ ಕುಳಿತದ್ದೇ ತಪ್ಪಾಯಿತು.

ಕುಳಿತದ್ದಾದರೂ ಎಲ್ಲಿ? ಸಿಂಹಾಸನದ ಮೇಲಲ್ಲ, ಎಸ್ಟೇಟಿನ ಯಜಮಾನ ಬಿಳಿ ದೊರೆಯ ಬೆತ್ತದ ಕುರ್ಚಿಯ ಮೇಲಲ್ಲ. ಕಾಫಿ ಹಣ್ಣು ಅಳೆಯುವ ಮರದ ಪೆಟ್ಟಿಗೆಯನ್ನು ಬೋರಲು ಹಾಕಿ, ಅದರ ಅಂಚಿಗೆ ಒಂದು ಗಳಿಗೆ ಸೊಂಟ ತಾಗಿಸಿದ್ದ, ಅಷ್ಟೇ. ಸಿದ್ದಾಪುರದಿಂದಾಚೆಯ ಕರಡಿಗುಂಡಿ ಎಸ್ಟೇಟಿನಲ್ಲಿ ಅವನು ರೈಟರು. ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲ ಬಂತೆಂದರೆ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಕಣದ ಬದಿಯಲ್ಲಿ ನಿಂತು, ಆಳುಗಳು ಹೊತ್ತು ತಂದ ಹಣ್ಣು ಅಳೆಸಿ, ಹೆಸರು ಕೂಗಿ ಬರೆದುಕೊಳ್ಳಬೇಕು. ನಿಂತೇ ಬರೆಯಬೇಕು. ರೈಟರಿಗೆ ಕೂರಲು ಏನಾದರೂ ಕೊಡುವ ಪದ್ಧತಿ ಆ ಎಸ್ಟೇಟಿನಲ್ಲಿ ಇರಲಿಲ್ಲ. ದೊರೆಯ ನಾಯಿಗೆ ಮೆತ್ತೆ ಇತ್ತು. ಬಂಗಲೆಯ ಜರಿಗಿಡದ ಕುಂಡಕ್ಕೆ ಹಲಸಿನ ಮರದ ಸ್ಟೂಲು ಇತ್ತು. ರೈಟರಿಗೆ ಎರಡು ಕಾಲಿವೆಯಲ್ಲ, ಅಷ್ಟು ಸಾಕು ಎಂದು ಯಾರೋ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದರು.

ಪದ್ಮಯ್ಯನ ಬೆನ್ನು ನೋಯುತ್ತಿತ್ತು. ನಿನ್ನೆ ಮೊನ್ನೆಯ ನೋವಲ್ಲ ಅದು. ಯುದ್ಧ ಶುರುವಾದ ವರ್ಷದ ಮಳೆಗಾಲದಲ್ಲಿ ತೋಟದ ಕಟ್ಟೆಯಿಂದ ಜಾರಿ ಬಿದ್ದಿದ್ದ. ಬಾವು ಇಳಿಯಿತು, ಗಾಯ ಮಾಯಿತು, ಕೊನೆಗೆ ಯುದ್ಧವೂ ಮುಗಿಯಿತು. ನೋವು ಮಾತ್ರ, ಮದುವೆ ಮುಗಿದರೂ ಹೊರಡದ ನೆಂಟನ ಹಾಗೆ, ಸೊಂಟದಲ್ಲೇ ಉಳಿದುಬಿಟ್ಟಿತು. ಇಷ್ಟು ವರ್ಷ ಜೊತೆಗಿದ್ದ ಮೇಲೆ ಅದಕ್ಕಾಗಿ ದಿನವೂ ಅಯ್ಯೋ ಅಮ್ಮಾ ಎನ್ನಲು ಯಾರಿಗೆ ಪುರುಸೊತ್ತು? ಪದ್ಮಯ್ಯ ಹಲ್ಲು ಕಚ್ಚಿಕೊಂಡು ಕೆಲಸ ಮಾಡುತ್ತಿದ್ದ. ಅವನದು ಹುಟ್ಟಿನಿಂದಲೇ ದುಂಡು ಮುಖ, ಕೆಂಪು ಕೆನ್ನೆ. ನೋಡಿದವರಿಗೆ ಈಗಷ್ಟೇ ಹಬ್ಬದೂಟ ಮುಗಿಸಿ ಬಂದವನಂತೆ ಕಾಣುತ್ತಿದ್ದ. ಅದೇ ಅವನು ಮಾಡಿದ ಪಾಪ.

"ಏನು ರೈಟರ್, ಕೂತಿದ್ದಿ?"

ಬೆನ್ನ ಹಿಂದೆಯೇ ದೊರೆಯ ಸ್ವರ ಕೇಳಿ ಪದ್ಮಯ್ಯ ಎದ್ದು ನಿಂತ. ಸೊಂಟದಲ್ಲಿ ಸಲಾಕೆ ಚುಚ್ಚಿದಂತಾಯಿತು.

"ಬೆನ್ನು ನೋವು, ದೊರೆ."

"ಬೆನ್ನು ನೋವು? ಡ್ರೆಸ್ಸರ್ ಎಲ್ಲಿ?"

ಡ್ರೆಸ್ಸರ್ ಕೂಸಪ್ಪ ಓಡಿ ಬಂದ. ಎಸ್ಟೇಟಿನ ಔಷಧದ ಕೋಣೆಗೆ ಅವನೇ ಒಡೆಯ. ಬೇರೆಯವರು ಜೇಬಿಗೆ ಪೆನ್ನು ಸಿಕ್ಕಿಸಿದರೆ ಇವನು ಥರ್ಮಾಮೀಟರು ಸಿಕ್ಕಿಸುತ್ತಿದ್ದ. ಕೂಸಪ್ಪನ ವೈದ್ಯದಲ್ಲಿ ರೋಗ ಎಂದರೆ ಜ್ವರ, ಮದ್ದು ಎಂದರೆ ಕ್ವಿನೈನು. ಪಾದರಸ ಏರಿದರೆ ರೋಗಿ, ಏರದಿದ್ದರೆ ಸೋಮಾರಿ. ಮಲೇರಿಯಾ ತುಂಬಿದ ಆ ಸೀಮೆಯಲ್ಲಿ ಅವನ ಲೆಕ್ಕ ಬಹಳ ಸಲ ಸರಿಹೋಗುತ್ತಿತ್ತು, ನಿಜ. ಆದರೆ ಪದ್ಮಯ್ಯನ ಬೆನ್ನಿಗೂ ಅವನು ಎರಡು ಮಳೆಗಾಲ ಕ್ವಿನೈನು ಕುಡಿಸಿದ್ದ. ಬೆನ್ನು ಹಾಗೆಯೇ ಉಳಿದು, ಕಿವಿ ಗುಂಯ್‌ಗುಟ್ಟಲು ಶುರುವಾಯಿತು. ಆಗ ಕೂಸಪ್ಪ, "ಮದ್ದಿಗೆ ಬಗ್ಗದ ನೋವು ಇಲ್ಲವೇ ಇಲ್ಲೆ, ಇದು ಮನಸ್ಸಿನ ಸೋಮಾರಿತನ" ಎಂದು ಆಳುಗಳ ಮನೆಸಾಲಿನ ಲೈನುಗಳಲ್ಲೆಲ್ಲ ಹೇಳಿಕೊಂಡು ಬಂದ. ಮದ್ದು ಸೋತರೆ ರೋಗಿಯೇ ಕಳ್ಳ. ಇದ್ಯಾವ ಊರಿನ ನ್ಯಾಯ?

ಕೂಸಪ್ಪ ಪದ್ಮಯ್ಯನ ಕಂಕುಳಲ್ಲಿ ಥರ್ಮಾಮೀಟರು ಇಟ್ಟು ತೆಗೆದು, ಬೆಳಕಿಗೆ ಹಿಡಿದು ನೋಡಿದ.

"ನಾರ್ಮಲ್, ದೊರೆ. ಏನೂ ಇಲ್ಲ."

ದೊರೆ ತನ್ನ ಮೊಣಕಾಲು ಉಜ್ಜಿಕೊಂಡ. ಎಂದೋ ಕುದುರೆಯಿಂದ ಬಿದ್ದ ಮೊಣಕಾಲು ಅದು. ಅದಕ್ಕೂ ಜ್ವರವಿರಲಿಲ್ಲ, ಬಾವಿರಲಿಲ್ಲ. ಆದರೆ ದೊರೆಯ ಮೊಣಕಾಲಿಗೆ ಥರ್ಮಾಮೀಟರು ಹಿಡಿಯುವ ಧೈರ್ಯ ಕೂಸಪ್ಪನಿಗೆ ಯಾವತ್ತೂ ಬಂದಿರಲಿಲ್ಲ. ದೊರೆ ಅಬ್ಬಾ ಎಂದರೆ ನೋವು, ಪದ್ಮಯ್ಯ ಅಬ್ಬಾ ಎಂದರೆ ನಾಟಕ.

"ನಾಳೆ ನನ್ನ ಮೊಣಕಾಲು ನೋಡೋಕೆ ಡಾಕ್ಟರ್ ದೇರಪ್ಪ ಬರ್ತಾರೆ," ಎಂದ ದೊರೆ. "ಮಿಲಿಟರಿ ಡಾಕ್ಟರ್. ನೀನೂ ಬಾ. ಅವರು ನೋವು ಉಂಟು ಅಂದರೆ ನಿನಗೆ ಸ್ಟೂಲ್ ಕೊಡ್ತೇನೆ. ಇಲ್ಲ ಅಂದರೆ ರೈಟರ್ ಕೆಲಸ ಇಲ್ಲ. ಕತ್ತಿ ಹಿಡಿದು ಕಳೆ ಕಡಿಯೋಕೆ ಹೋಗು."

ಸುದ್ದಿ ಮನೆ ಮುಟ್ಟುವ ಮೊದಲೇ ಇಡೀ ಎಸ್ಟೇಟನ್ನು ಮುಟ್ಟಿತ್ತು. ಬೆಳಗಾಗುತ್ತಲೇ ಗುರುವಪ್ಪ ಮೇಸ್ತ್ರಿ ಬಾಗಿಲಲ್ಲಿ ಹಾಜರು. ಆಳುಗಳನ್ನು ಕೆಲಸಕ್ಕೆ ಹಚ್ಚುವುದು ಅವನ ಉದ್ಯೋಗ. ಪರರ ಮನೆಯ ವಿಷಯಕ್ಕೆ ತಲೆ ಹಾಕುವುದು ಉದ್ಯೋಗಕ್ಕಿಂತ ಮಿಗಿಲಾದ ಧರ್ಮ. ಪದ್ಮಯ್ಯನ ಹೆಂಡತಿ ಹೊನ್ನಮ್ಮ ಆಗಷ್ಟೇ ಗಂಡನ ಮುಂದೆ ಬಿಸಿ ಅಕ್ಕಿರೊಟ್ಟಿ ಇಟ್ಟಿದ್ದಳು.

"ತಿನ್ಬೇಡ," ಎಂದು ಗುರುವಪ್ಪ ತಟ್ಟೆಯನ್ನು ತನ್ನತ್ತ ಎಳೆದುಕೊಂಡ. "ಹೊಟ್ಟೆ ತುಂಬಿದ ಮುಖ ಹೊತ್ತ್ಕೊಂಡು ಡಾಕ್ಟರ್ ಹತ್ರ ಹೋದ್ರೆ ಯಾರು ನಂಬ್ತಾರೆ? ನೋವು ಇದ್ದರೆ ಸಾಲದು ಮಾರಾಯ, ಕಾಣೊಕು."

"ನೋವು ಹೇಗೆ ಕಾಣ್ತದೆ ಗುರುವಪ್ಪಣ್ಣ?" ಎಂದ ಪದ್ಮಯ್ಯ.

"ಇವ್ರು ರಾತ್ರಿಯಿಡೀ ಹೊರಳುದು ನಂಗೆ ಕಂಡುಟ್ಟು," ಎಂದಳು ಹೊನ್ನಮ್ಮ ಸಿಟ್ಟಿನಿಂದ. "ಆ ಕೂಸಪ್ಪಂಗೆ ಎಂತ ಗೊತ್ತುಟ್ಟು? ಮಣ್ಣು. ಗಾಜಿನ ಕಡ್ಡಿ ಜೇಬಲ್ಲಿ ಇಟ್ಟ್ಕೊಂಡ ಮಾತ್ರಕ್ಕೆ ಡಾಕ್ಟರ್ ಆದನಾ?"

"ನಿಂಗೆ ಕಂಡ್ರೆ ಆಗುದಿಲ್ಲೆ ತಂಗಿ, ದೊರೆಗೆ ಕಾಣೊಕು." ಗುರುವಪ್ಪ ಎರಡನೆಯ ರೊಟ್ಟಿಗೆ ಕೈಹಾಕಿದ. "ಎಲ್ಲಿ, ಒಂದ್ಸಲ ನರಳು ನೋಡುವ."

ಪದ್ಮಯ್ಯ ನಾಚಿಕೊಂಡು, "ಅಮ್ಮಾ" ಎಂದ.

"ಊಟಕ್ಕೆ ಕರೆದ ಹಾಗೆ ಉಟ್ಟು. ಇನ್ನೊಂದ್ಸಲ."

ಪದ್ಮಯ್ಯ ಇನ್ನೊಂದು ಸಲ ನರಳಿದ. ಹಟ್ಟಿಯಿಂದ ಕರು ಓಗೊಟ್ಟಿತು. ನರಳುವುದು ಇವನಿಂದ ಆಗದ ಕೆಲಸ ಎಂದು ತೀರ್ಮಾನವಾಗಿ, ಕುಂಟುವುದರ ಪಾಠ ಶುರುವಾಯಿತು. ಆ ಹೊತ್ತಿಗೆ ಪಕ್ಕದ ಮನೆಯ ಬೋಜಮ್ಮಜ್ಜಿ ಸೊಪ್ಪಿನ ಕಟ್ಟೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಳು. ಲೈನಿನ ಅರ್ಧ ಮಕ್ಕಳನ್ನು ಈ ಲೋಕಕ್ಕೆ ಎಳೆದು ತಂದವಳು ಅವಳು. ಹಾಗಾಗಿ ಯಾರ ಮೈ ಮುಟ್ಟುವುದಕ್ಕೂ ಅವಳಿಗೆ ಅಪ್ಪಣೆ ಬೇಕಿರಲಿಲ್ಲ. ಪದ್ಮಯ್ಯನ ಅಂಗಿ ಎತ್ತಿ ಬೆನ್ನಿಗೆ ಆ ಸೊಪ್ಪನ್ನು ತಿಕ್ಕಿಯೇ ಬಿಟ್ಟಳು.

"ಎಂತ ಸೊಪ್ಪಜ್ಜಿ ಇದು?"

"ಬೆನ್ನು ಕೆಂಪಾಗ್ತದೆ ಮಗ. ಕೆಂಪಾದ್ರೆ ಡಾಕ್ಟರಿಗೆ ನೋವಿರೋ ಜಾಗ ಗೊತ್ತಾಗ್ತದೆ. ಸ್ವಲ್ಪ ಹೊತ್ತಾದ ಮೇಲೆ ಒಂಚೂರು ತುರಿಸ್ಬಹುದು."

ಆದರೆ ಎಲ್ಲಕ್ಕಿಂತ ದೊಡ್ಡ ಯೋಚನೆ ಹೊಳೆದದ್ದು ಗುರುವಪ್ಪನಿಗೆ, ಅದೂ ನಾಲ್ಕನೆಯ ರೊಟ್ಟಿ ಮುಗಿದ ಮೇಲೆ. ಕೂಸಪ್ಪ ಡಾಕ್ಟರ ಪಕ್ಕದಲ್ಲೇ ನಿಂತಿರುತ್ತಾನೆ. ಬಾಯಿ ತೆರೆದರೆ ಥರ್ಮಾಮೀಟರು ಎನ್ನುತ್ತಾನೆ. ಅದರಲ್ಲಿ ಜ್ವರ ತೋರಿಸಿಬಿಟ್ಟರೆ ಆಯಿತಲ್ಲ?

"ಈರುಳ್ಳಿ ಉಟ್ಟಾ ತಂಗಿ?"

ಹೊನ್ನಮ್ಮ ಒಂದು ದಪ್ಪ ಈರುಳ್ಳಿಯನ್ನು ಎರಡು ಹೋಳು ಮಾಡಿ ಕೊಟ್ಟಳು. ಗುರುವಪ್ಪ ಅವನ್ನು ಪದ್ಮಯ್ಯನ ಎರಡು ಕಂಕುಳಲ್ಲಿ ಇಟ್ಟು, ಕೈಗಳನ್ನು ಮೈಗೆ ಒತ್ತಿ ಹಿಡಿದು ತೋರಿಸಿದ. "ಮಧ್ಯಾಹ್ನದವರೆಗೆ ಹೀಗೇ ಇರು. ಮೈ ಕಾಯ್ತದೆ. ಕೈ ಎತ್ತ್‌ಬೇಡ, ಬಿದ್ದ್‌ಹೋದೀತು."

ಪದ್ಮಯ್ಯನಿಗೆ ಅಳು ಬಂತು. "ನಂಗೆ ನಿಜವಾಗ್ಲೂ ನೋವುಟ್ಟಲ್ಲ ಗುರುವಪ್ಪಣ್ಣ. ಇರೋ ನೋವಿಗೆ ಇಷ್ಟೆಲ್ಲ ಸುಳ್ಳು ಯಾಕೆ?"

"ನಿಜ ಹೇಳಿ ಇಷ್ಟು ವರ್ಷದಲ್ಲಿ ಎಂತ ಸಿಕ್ಕಿತು ನಿಂಗೆ? ಕ್ವಿನೈನು ತಾನೆ?"

ಪದ್ಮಯ್ಯ ಈರುಳ್ಳಿ ಜಾರದಂತೆ ಕೈಗಳನ್ನು ಇನ್ನಷ್ಟು ಒತ್ತಿಕೊಂಡ.

ಮಧ್ಯಾಹ್ನ ಬಂಗಲೆಯ ದಾರಿ ಹಿಡಿದಾಗ ಪದ್ಮಯ್ಯನ ಸ್ಥಿತಿ ಹೀಗಿತ್ತು: ಹೊಟ್ಟೆ ಖಾಲಿ, ಎರಡೂ ಕೈ ಮೈಗೆ ಅಂಟಿಕೊಂಡಿವೆ, ಬೆನ್ನಿನಲ್ಲಿ ಹಳೆಯ ನೋವು, ಅದರ ಮೇಲೆ ಬೋಜಮ್ಮಜ್ಜಿಯ ಹೊಸ ತುರಿಕೆ. ತುರಿಸಿಕೊಳ್ಳೋಣವೆಂದರೆ ಕೈ ಎತ್ತುವಂತಿಲ್ಲ. ಅದಕ್ಕೇ ದಾರಿಯಲ್ಲಿ ಸಿಕ್ಕಿದ ಪ್ರತಿ ಸಿಲ್ವರ್ ಮರಕ್ಕೂ ಬೆನ್ನು ಉಜ್ಜಿಕೊಳ್ಳುತ್ತಾ ನಡೆದ. ಹಿಂದಿನಿಂದ ಗುರುವಪ್ಪ, "ಕುಂಟು, ಕುಂಟು, ಬಲಗಾಲು" ಎಂದು ಪಿಸುಗುಟ್ಟುತ್ತಿದ್ದ. ತುರಿಕೆಯ ಗಡಿಬಿಡಿಯಲ್ಲಿ ಪದ್ಮಯ್ಯ ಒಮ್ಮೆ ಬಲಗಾಲು ಕುಂಟಿಸಿದ, ಒಮ್ಮೆ ಎಡಗಾಲು.

ಜಗಲಿಯ ಮೇಲೆ ದೊರೆ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದ. ಪಕ್ಕದಲ್ಲಿ ಡಾಕ್ಟರ್ ದೇರಪ್ಪ, ಇನ್ನೂ ಮಿಲಿಟರಿ ಬೂಟು ಬಿಡದ ಎತ್ತರದ ಆಳು. ಹುದಿಕೇರಿ ಕಡೆಯವರು; ಬರ್ಮಾದ ಯುದ್ಧ ಮುಗಿಸಿ ಊರಿಗೆ ಬಂದು ವರ್ಷವಾಗಿರಲಿಲ್ಲ. ಕೂಸಪ್ಪ ಕಂಬದ ಬಳಿ ಅಟೆನ್ಶನ್ನಿನಲ್ಲಿ ನಿಂತಿದ್ದ. ಹಲಸಿನ ಸ್ಟೂಲು ಕುಂಡವನ್ನು ಹೊತ್ತುಕೊಂಡು ಮೂಲೆಯಲ್ಲೇ ಇತ್ತು. ಪದ್ಮಯ್ಯನ ಕಣ್ಣು ಮೊದಲು ಹೋದದ್ದು ಅದರ ಮೇಲೆ.

ಸಲಾಮು ಹೊಡೆಯಬೇಕು. ಕೈ ಎತ್ತಿದರೆ ಈರುಳ್ಳಿ ಬೀಳುತ್ತದೆ. ಪದ್ಮಯ್ಯ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡೇ ಅಂಗೈಗಳನ್ನಷ್ಟೇ ಮೀನಿನ ರೆಕ್ಕೆಯಂತೆ ಅಲ್ಲಾಡಿಸಿದ. ದೊರೆಯ ಹುಬ್ಬು ಗಂಟಾಯಿತು. ಸಲಾಮು ಕೊಡದ ರೈಟರನ್ನು ಅವನು ಈವರೆಗೆ ಕಂಡಿರಲಿಲ್ಲ.

"ಸಾರ್, ಮೊದಲು ಟೆಂಪರೇಚರ್ ನೋಡಿಬಿಡ್ತೇನೆ," ಎಂದು ಕೂಸಪ್ಪ ಮುಂದೆ ಬಂದ. ಗುರುವಪ್ಪ ಬೇಲಿಯ ಆಚೆಯಿಂದ ಕಣ್ಣು ಮಿಟುಕಿಸಿದ. ಆದರೆ ವಿಧಿ ನೋಡಿ. ದಿನವೂ ಆಳುಗಳ ಕಂಕುಳಿಗೆ ತುರುಕುತ್ತಿದ್ದ ಕಡ್ಡಿಯನ್ನು ಕೂಸಪ್ಪ, ಇವತ್ತು ದೊಡ್ಡ ಡಾಕ್ಟರ ಎದುರು ಠೀವಿ ತೋರಿಸಲೆಂದು, ಸ್ಪಿರಿಟ್ಟಿನಲ್ಲಿ ಒರೆಸಿ ಪದ್ಮಯ್ಯನ ನಾಲಿಗೆಯ ಕೆಳಗೆ ಇಟ್ಟ. ಬೆಳಗಿನಿಂದ ಹೊತ್ತು ತಂದ ಈರುಳ್ಳಿಯೆಲ್ಲ ವ್ಯರ್ಥವಾಯಿತು.

"ನಾರ್ಮಲ್," ಎಂದು ಕೂಸಪ್ಪ ಸಾರಿದ.

ಡಾಕ್ಟರ್ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಎದ್ದು ಬಂದು ಪದ್ಮಯ್ಯನನ್ನು ನೋಡಿದರು.

"ಎಲ್ಲಿ ನೋವು? ಯಾವಾಗ ಜಾಸ್ತಿ, ಬೆಳಿಗ್ಗೆಯಾ ಸಂಜೆಯಾ? ರಾತ್ರಿ ನಿದ್ದೆ ಬರ್ತದಾ ನಿನಗೆ?"

ಇಷ್ಟು ವರ್ಷದಲ್ಲಿ ಪದ್ಮಯ್ಯನಿಗೆ ಮಿಕ್ಸ್ಚರ್ ಮದ್ದು ಕೊಟ್ಟವರಿದ್ದರು, ತಾಯಿತ ಕಟ್ಟಿದವರಿದ್ದರು, ಬುದ್ಧಿ ಹೇಳಿದವರಂತೂ ಲೆಕ್ಕವಿಲ್ಲ. ನಿದ್ದೆ ಬರುತ್ತದಾ ಎಂದು ಹೊರಗಿನವರೊಬ್ಬರು ಕೇಳಿದ್ದು ಇದೇ ಮೊದಲು.

"ಬರೂದಿಲ್ಲ ಸಾರ್. ಹೊರಳಿದ್ರೆ ಎಚ್ಚರ ಆಗ್ತದೆ. ನಿಂತೂ ನಿಂತೂ ಸಂಜೆಗೆ ಸೊಂಟ ಕಲ್ಲಾಗ್ತದೆ."

"ಸರಿ. ಕೈ ಎರಡೂ ಮೇಲೆತ್ತು, ಬೆನ್ನು ನೋಡುವ."

ಪದ್ಮಯ್ಯ ಬೇಲಿಯತ್ತ ನೋಡಿದ. ಬೇಲಿಯ ಬಳಿ ಗುರುವಪ್ಪ ಇರಲಿಲ್ಲ; ಪರಿಸ್ಥಿತಿ ತಿಳಿದು ಆಗಲೇ ಜಾಗ ಖಾಲಿ ಮಾಡಿದ್ದ. ಬೇರೆ ದಾರಿ ಕಾಣದೆ ಪದ್ಮಯ್ಯ ದೇವರ ಮೇಲೆ ಭಾರ ಹಾಕಿ ಕೈ ಎತ್ತಿದ. ಒಂದು ಹೋಳು ಉರುಳಿಕೊಂಡು ದೊರೆಯ ಬೂಟಿನ ಬುಡಕ್ಕೆ ಹೋಯಿತು. ಇನ್ನೊಂದನ್ನು ನಾಯಿ ಮೂಸಿ, ಸೀನಿ, ದೂರ ಸರಿಯಿತು.

ಕೂಸಪ್ಪ ಬಗ್ಗಿ ನೋಡಿದ.

"ಈರುಳ್ಳಿ," ಎಂದ ಕೂಸಪ್ಪ, ಅದೂ ಒಂದು ರೋಗ ಪತ್ತೆಯೆಂಬಂತೆ. "ಜ್ವರ ಬರಿಸೋ ಉಪಾಯ, ದೊರೆ. ನಾನು ಹೇಳಲಿಲ್ವಾ, ಇವನು ಕಳ್ಳ ಅಂತ."

ದೊರೆಯ ಮುಖ ಕೆಂಪೇರಿತು. "ನಾಳೆಯಿಂದ ಕತ್ತಿ," ಎಂದ.

"ಸ್ವಲ್ಪ ನಿಲ್ಲಿ," ಎಂದರು ದೇರಪ್ಪ. ಪದ್ಮಯ್ಯನ ಬೆನ್ನಿನ ಎಲುಬಿನ ಮೇಲೆ ಬೆರಳು ಓಡಿಸಿದರು. ತುರಿಕೆಯ ಕೆಂಪನ್ನು ಬಿಟ್ಟು, ಸೊಂಟದ ಎಡಕ್ಕೆ ಒಂದು ಕಡೆ ಮೆಲ್ಲಗೆ ಒತ್ತಿದರು. ಪದ್ಮಯ್ಯ ನರಳಲಿಲ್ಲ, ಉಸಿರು ಮಾತ್ರ ಹಿಡಿದ. ದೇರಪ್ಪ ತಲೆಯಾಡಿಸಿದರು. ಆಮೇಲೆ ಈರುಳ್ಳಿಯ ಹೋಳನ್ನು ಎತ್ತಿಕೊಂಡು ಕೂಸಪ್ಪನ ಮುಂದೆ ಹಿಡಿದರು. ಅವರ ಸ್ವರದಲ್ಲಿ ಸಿಟ್ಟಿತ್ತು.

"ಇದನ್ನು ಅವನ ಕಂಕುಳಲ್ಲಿ ಇಟ್ಟದ್ದು ಯಾರು ಗೊತ್ತುಂಟಾ? ನೀನು. ಅವನು ನೋವು ಅಂದ ದಿನವೇ ನಂಬಿದ್ದರೆ ಈ ಈರುಳ್ಳಿ ಸಾರಿಗೆ ಬೀಳ್ತಿತ್ತು. ನಿನ್ನ ಕಡ್ಡಿ ಅಳೆಯೋದು ಬಿಸಿಯನ್ನ. ನೋವು ಅಳೆಯೋ ಕಡ್ಡಿಯನ್ನ ಇನ್ನೂ ಯಾರೂ ಮಾಡಿಲ್ಲ. ರೋಗಿ ಬಾಯಿಬಿಟ್ಟು ಹೇಳಿದ್ದೇ ಅಳತೆ."

ಆಮೇಲೆ ದೊರೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು. ಪದ್ಮಯ್ಯನಿಗೂ ತಿಳಿಯಲೆಂದು ಕನ್ನಡದಲ್ಲಿ ಮತ್ತೊಮ್ಮೆ ಹೇಳಿದರು. ಬರ್ಮಾದಲ್ಲಿ ಒಬ್ಬ ಸಿಪಾಯಿಯ ಕಾಲನ್ನು ಅವರೇ ಕತ್ತರಿಸಿದ್ದರಂತೆ. ಇವತ್ತಿಗೂ ಅವನಿಗೆ ಆ ಕಾಲಿನ ಹೆಬ್ಬೆರಳು ನೋಯುತ್ತದೆ. "ಕಾಲು ಬರ್ಮಾದ ಮಣ್ಣಲ್ಲಿ ಉಂಟು. ನೋವು ಮಾತ್ರ ಅವನ ಜೊತೆ ಬಸ್ಸು ಹತ್ತಿ ವಿರಾಜಪೇಟೆಗೆ ಬಂತು. ಅವನು ಸುಳ್ಳು ಹೇಳ್ತಾನಾ? ಕಳ್ಳ ಓಡಿಹೋದ ಮೇಲೂ ಕೆಲವು ನಾಯಿ ಬೊಗಳೋದು ಬಿಡೂದಿಲ್ಲ. ನಿನ್ನ ಬೆನ್ನೂ ಹಾಗೆ. ಗಾಯ ಹೋಗಿ ಎಷ್ಟೋ ಕಾಲವಾಯ್ತು. ಆದರೆ ನೋವು ನಿಜ, ನೂರಕ್ಕೆ ನೂರು ನಿಜ."

ಪದ್ಮಯ್ಯನ ದುಂಡು ಕೆನ್ನೆಯ ಮೇಲೆ ನೀರಿಳಿಯಿತು. ನಿಜ ಎಂಬ ಆ ಒಂದು ಮಾತಿಗೆ ಅವನು ಇಷ್ಟು ವರ್ಷ ಕಾದಿದ್ದ. ನೋವೇ ಅರ್ಧ ಇಳಿದಂತಾಯಿತು.

ದೊರೆ ಎಷ್ಟಾದರೂ ಕೊಟ್ಟ ಮಾತಿಗೆ ತಪ್ಪುವವನಲ್ಲ. "ಸರಿ," ಎಂದು ಕೂಸಪ್ಪನಿಗೆ ಬೆರಳು ತೋರಿಸಿದ. ಕೂಸಪ್ಪ ಮುಖ ಸಣ್ಣದು ಮಾಡಿಕೊಂಡು ಜರಿಗಿಡದ ಕುಂಡವನ್ನು ಕೆಳಗಿಳಿಸಿ, ತನ್ನ ಕೈಯಾರೆ ಸ್ಟೂಲನ್ನು ತಂದು ಪದ್ಮಯ್ಯನ ಮುಂದೆ ಇಟ್ಟ. ಪದ್ಮಯ್ಯ ಪಂಚೆಯ ಅಂಚಿನಿಂದ ಅದರ ಧೂಳು ಒರೆಸಿದ. ನುಣುಪಾದ ಹಳದಿ ಮರ. ಇನ್ನೇನು ಕೂರಬೇಕು.

"ಅದು ಯಾಕೆ?" ಎಂದರು ದೇರಪ್ಪ.

"ಅವನು ಕೂತು ಕೆಲಸ ಮಾಡೋಕೆ," ಎಂದ ದೊರೆ.

"ಕೂತಾ? ಕೂರಬೇಕು ಅಂತ ಯಾರು ಹೇಳಿದ್ರು? ಈ ನೋವಿಗೆ ಕೂರೋದೇ ವಿಷ. ಬೆನ್ನು ಸುಮ್ಮನಿದ್ದಷ್ಟೂ ಬಿಗೀತದೆ, ಬಿಗಿದಷ್ಟೂ ನೋಯ್ತದೆ. ನಿಂತಲ್ಲೇ ನಿಲ್ಲೋದೂ ಬೇಡ. ಇವನು ನಡೀಬೇಕು. ಮೊದಲು ಸ್ವಲ್ಪ, ದಿನ ಹೋದ ಹಾಗೆ ಜಾಸ್ತಿ. ಅದೇ ಮದ್ದು." ಆಮೇಲೆ ದೊರೆಯ ಮೊಣಕಾಲಿನತ್ತ ಕೈ ತೋರಿಸಿದರು. "ನಿಮಗೂ ಅದೇ ಮಾತು. ನಿಮ್ಮದೂ ಇವನದೂ ಒಂದೇ ಜಾತಿಯ ನೋವು. ನಾಳೆಯಿಂದ ದಿನಾ ಬೆಳಿಗ್ಗೆ ಹೊಳೆ ಬದಿಯ ತೋಟದ ಗಡಿವರೆಗೆ ನಡೆದು ಬನ್ನಿ."

ಅಷ್ಟು ಹೇಳಿ ಕಾಫಿ ಕುಡಿದು ಡಾಕ್ಟರು ಕಾರು ಹತ್ತಿದರು. ಒಳ್ಳೆಯವರು, ನಿಜಕ್ಕೂ ಒಳ್ಳೆಯವರು. ಅವರ ಮದ್ದು ಕೂಡ ಸರಿಯಾದದ್ದೇ. ಆದರೆ ಇನ್ನೊಂದು ಗಳಿಗೆ ತಡೆದು, ಪದ್ಮಯ್ಯ ಒಂದು ಸಲ ಕೂತ ಮೇಲೆ ಆ ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಕಾರಿನ ಸದ್ದು ಅಡಗಿದ ಮೇಲೆ ದೊರೆ ಬಹಳ ಹೊತ್ತು ಹೊಳೆಯ ಕಡೆಯ ಇಳಿಜಾರನ್ನು ನೋಡಿದ. ತನ್ನ ಮೊಣಕಾಲನ್ನು ನೋಡಿದ. ಪದ್ಮಯ್ಯನನ್ನು ನೋಡಿದ.

"ಒಳ್ಳೆ ಮದ್ದು," ಎಂದ. "ಮೊದಲು ನಿನ್ನ ಮೇಲೆ ಪರೀಕ್ಷೆ ಮಾಡುವ. ನಿನ್ನ ನೋವು ಕಮ್ಮಿ ಆದರೆ ಆಮೇಲೆ ನಾನು ನಡೀತೇನೆ. ಅಲ್ಲಿವರೆಗೆ ನಿನ್ನ ನಡಿಗೆಯೂ ನೀನೇ, ನನ್ನ ನಡಿಗೆಯೂ ನೀನೇ. ದಿನಾ ಎರಡು ಸಲ ಗಡಿವರೆಗೆ ಹೋಗಿ ಬಾ. ಬೆಳಿಗ್ಗೆ ಹಾಜರಿ ಕೂಗೋ ಮಸ್ಟರಿಗೆ ಮುಂಚೆ."

ಸ್ಟೂಲನ್ನು ಬೂಟಿನ ತುದಿಯಿಂದ ತನ್ನತ್ತ ಎಳೆದುಕೊಂಡು, ನೋಯುವ ಕಾಲನ್ನು ಅದರ ಮೇಲೆ ನೀಡಿ ಕುಳಿತ. ಕಾಲಿಗೆ ಬಹಳ ಹಿತವಾದಂತೆ ಕಂಡಿತು.

ಇಲ್ಲಿಗೇ ಮುಗಿದಿದ್ದರೆ ಪದ್ಮಯ್ಯ ಹಣೆಬರಹ ಎಂದು ಸುಮ್ಮನಾಗುತ್ತಿದ್ದ. ಆದರೆ ಬೆನ್ನು ಸುಮ್ಮನಿರಬೇಕಲ್ಲ? ಮಂಜಿನಲ್ಲಿ ಹೊಳೆಯವರೆಗೆ ಎರಡೆರಡು ಸಲ ಹೋಗಿ ಬಂದು, ಪಿಕ್ಕಿಂಗ್ ಮುಗಿಯುವ ಹೊತ್ತಿಗೆ ನೋವು ನಿಜವಾಗಿಯೂ ಸ್ವಲ್ಪ ತಗ್ಗಿತು. ಬಲಕ್ಕೆ ಹೊರಳಿದರೆ ಎಚ್ಚರವಾಗುತ್ತಿರಲಿಲ್ಲ. ಇನ್ನು ದೊರೆಯ ಪಾಲಿನ ನಡಿಗೆಯನ್ನು ದೊರೆಯೇ ನಡೆಯಲಿ ಎಂದು ಪದ್ಮಯ್ಯ ಬಂಗಲೆಗೆ ಹೋಗಿ, ಈ ಸಲ ಕೈ ಚೆನ್ನಾಗಿ ಎತ್ತಿ ಸಲಾಮು ಮಾಡಿದ.

"ದೊರೆ, ನೋವು ಕಮ್ಮಿ ಆಗಿದೆ."

ದೊರೆಯ ಮುಖದಲ್ಲಿ ಗಾಬರಿ ಕಾಣಿಸಿತು. ಸ್ಟೂಲಿನ ಮೇಲಿದ್ದ ಕಾಲು ಹಿಂದಕ್ಕೆ ಸರಿಯಿತು.

"ನೀನು ಹೇಳಿದರೆ ಆಯ್ತಾ? ಡ್ರೆಸ್ಸರ್ ಎಲ್ಲಿ?"

ಕೂಸಪ್ಪ ಬಂದ. ಜೇಬಿನಿಂದ ಥರ್ಮಾಮೀಟರು ತೆಗೆದು ಪದ್ಮಯ್ಯನ ಕಂಕುಳಲ್ಲಿ ಇಟ್ಟ. ಈ ಸಲ ಮೊದಲು ಈರುಳ್ಳಿ ಇದೆಯೇ ಎಂದು ತಡವಿ ನೋಡಿಯೇ ಇಟ್ಟ. ತೆಗೆದು ಬೆಳಕಿಗೆ ಹಿಡಿದ. ತಿರುಗಿಸಿ ಮತ್ತೊಮ್ಮೆ ನೋಡಿದ.

"ಮೊದಲು ಎಷ್ಟಿತ್ತೋ ಅಷ್ಟೇ ಉಂಟು, ದೊರೆ. ಒಂದು ಗೆರೆಯೂ ಇಳಿದಿಲ್ಲ."

ದೊರೆ ನಿಟ್ಟುಸಿರು ಬಿಟ್ಟು ಕಾಲನ್ನು ಸ್ಟೂಲಿನ ಮೇಲೆ ಮತ್ತೆ ಇಟ್ಟ. "ಪಾಪ," ಎಂದ, ನಿಜವಾದ ಕನಿಕರದಿಂದ. "ಇಳಿಯೋವರೆಗೆ ನಡಿ, ಪದ್ಮಯ್ಯ."

ಪದ್ಮಯ್ಯ ಮನೆಗೆ ಬಂದು ಜಗಲಿಯಲ್ಲಿ ಕೂತ. ನೋವಿದೆ ಎಂದಾಗ ನಂಬಲಿಲ್ಲ, ನೋವು ತಗ್ಗಿತು ಎಂದಾಗಲೂ ನಂಬಲಿಲ್ಲ. ಹಾಗಾದರೆ ಈ ಬೆನ್ನು ಯಾರದು? ಹೊನ್ನಮ್ಮ ಕೂಸಪ್ಪನ ವಂಶವನ್ನು ಹಿಡಿದು ಬೈಯುತ್ತಾ ಗಂಡನ ಮುಂದೆ ರೊಟ್ಟಿ ಇಟ್ಟಳು.

ಅಷ್ಟರಲ್ಲಿ ಗುರುವಪ್ಪ ಬಂದ. ವಿಷಯವೆಲ್ಲ ಅವನಿಗೆ ದಾರಿಯಲ್ಲೇ ತಿಳಿದಿತ್ತು. ತಟ್ಟೆಯನ್ನು ತನ್ನತ್ತ ಎಳೆದುಕೊಂಡು ರೊಟ್ಟಿ ಮುರಿದ.

"ಈರುಳ್ಳಿ ಏರಿಸ್ತದೆ," ಎಂದ. "ಇಳಿಸೂದಕ್ಕೆ ಸೌತೆಕಾಯಿ ಉಟ್ಟಾ ತಂಗಿ?"